ತೊಳೆದ ದ್ರಾಕ್ಷಿ

ಅಪ್ಪನ ತೋಟ ನನ್ನ ತಂಗಿಯ ವೈನ್ ತೋಟವಾದ ಮೇಲೆ ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಜಗಳವಾಡುವ ಮನಸ್ಸಿನಿಂದ. ಮುಳಬಾಗಿಲಿನಿಂದ ಬೈರಕೂರಿನ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅವಳಿಗೆ ಏನೇನು ಅನ್ನಬೇಕು ಎಂಬುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಕೊಯ್ಲು ಅದು. ಆ ತೋಟಕ್ಕೆ ಒಂದು ಪದ್ಧತಿ ಇದೆ. ಮೊದಲ ಬುಟ್ಟಿ ಹಣ್ಣನ್ನು ಮನೆಯ ಹಿರಿಯ ಹೆಂಗಸೇ ಕೊಯ್ಯಬೇಕು. ಅಪ್ಪ ಅಲ್ಲಿ ದ್ರಾಕ್ಷಿ ಹಾಕಿದ ಕಾಲದಿಂದ ಅಮ್ಮನೇ ಕೊಯ್ಯುತ್ತಿದ್ದಳು. ಇನ್ನು ಆ ಕೆಲಸ ನನ್ನದು ಎಂದು ತಂಗಿ ಫೋನ್ ಮಾಡಿದ್ದಳು.

"ಬಾ ಅಕ್ಕಾ. ನೀನು ಬರೋವರೆಗೂ ಬಳ್ಳಿಗೆ ಕತ್ತರಿ ಇಡಲ್ಲ."

"ಸಾರಾಯಿ ಮಾಡೋಕೆ ನನ್ನ ಕೈ ಬೇಕೇನೇ ನಿಂಗೆ?"

"ಸಾರಾಯಿ ಅಲ್ಲ ಕಣಕ್ಕ, ವೈನು."

"ಕುಡಿದೋನು ಚರಂಡಿಗೆ ಬಿದ್ದ ಮೇಲೆ ಯಾವುದಾದ್ರೇನು?"

ಅವಳು ಫೋನ್ ಇಟ್ಟುಬಿಟ್ಟಳು. ಆದರೂ ನಾನು ಹೊರಟೆ. ಕರೆಯದಿದ್ದರೆ ಅವಮಾನ, ಕರೆದರೆ ಕೋಪ. ಆಗ ನನ್ನ ಸ್ವಭಾವವೇ ಹಾಗಿತ್ತು. ಈಗಲೂ ಬಹಳ ಬದಲಾಗಿಲ್ಲ.

ನನ್ನ ಕೋಪಕ್ಕೆ ಕಾರಣ ಇರಲಿಲ್ಲ ಎನ್ನಲಾರೆ. ನನ್ನ ಗಂಡ ಕುಡಿಯುತ್ತಿದ್ದವನು. ಅವನನ್ನು ಹುಡುಕಿಕೊಂಡು ಹೆದ್ದಾರಿ ಬದಿಯ ಅಂಗಡಿಗಳ ಮುಂದೆ ನಾನು ನಿಂತಿದ್ದೇನೆ. ಈಗ ಬಿಟ್ಟಿದ್ದಾನೆ, ಬಿಡಿಸಿದ್ದು ಸಕ್ಕರೆ ಕಾಯಿಲೆ, ನಾನಲ್ಲ. ನಮ್ಮ ಬೀದಿಯ ಹೆಂಗಸರ ಸಂಘದಲ್ಲಿ ನನ್ನನ್ನು ಕಂಡ ಕೂಡಲೇ ಯಾರಾದರೊಬ್ಬರು, "ನಿನ್ ತಂಗಿ ಬ್ರಾಂದಿ ಅಂಗಡಿ ಇಕ್ಕವಳಂತೆ, ನಮಗೂ ಒಂದು ಬಾಟ್ಲಿ ತತ್ತಾರೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ.

ಇನ್ನೊಂದು ಕಾರಣ ಹಳೆಯದು. ನನ್ನನ್ನು ಐದನೇ ತರಗತಿಗೇ ಬಿಡಿಸಿದರು. ಅಪ್ಪನ ಚಪ್ಪರದ ಕೆಳಗೆ, ಕಾಯಿ ದಪ್ಪವಾಗಲೆಂದು, ಗೊಂಚಲುಗಳನ್ನು ಒಂದೊಂದಾಗಿ ಔಷಧಿಯ ಮಗ್ಗಿನಲ್ಲಿ ಅದ್ದುವ ಕೆಲಸಕ್ಕೆ ಕೈ ಬೇಕಿತ್ತು. ತಂಗಿ ಕೋಲಾರಕ್ಕೆ ಹೋಗಿ ಓದಿದಳು. ನಾನು ಅದ್ದಿದ ಹಣ್ಣು ಮಾರಿ ಅವಳು ಓದಿದಳು ಎಂದು ಅವಳೂ ಹೇಳಿಲ್ಲ, ನಾನೂ ಬಾಯಿಬಿಟ್ಟು ಹೇಳಿಲ್ಲ. ಅದ್ದುತ್ತಿದ್ದ ಆ ವರ್ಷಗಳಲ್ಲಿ ನನ್ನ ಬೆರಳುಗಳ ತುದಿ ಸುಲಿಯುತ್ತಿತ್ತು. ಅಂದಿನಿಂದ ನಾನು ತೊಳೆಯದೆ ಯಾವ ಹಣ್ಣನ್ನೂ ತಿಂದವಳಲ್ಲ. ಬಿಸಿನೀರು, ಉಪ್ಪು, ಅರಿಶಿನ. ಮಕ್ಕಳು ಬೇಸತ್ತು ಹಣ್ಣು ತಿನ್ನುವುದನ್ನೇ ಬಿಟ್ಟವು.

ತೋಟದ ಗೇಟಿಗೆ ಹಳೆಯ ಕುಡುಗೋಲು, ನೇಗಿಲ ಗುಳ, ಸೈಕಲ್ ಚೈನು ಎಲ್ಲ ಸೇರಿಸಿ ಬೆಸುಗೆ ಹಾಕಿದ್ದರು. ತಂಗಿಯ ಗಂಡನ ಕೆಲಸ. ಅವನು ಚಿತ್ರಕಲೆ ಓದಿದವನು. ಕಲ್ಲು ಕೆತ್ತುತ್ತಾನೆ, ಕಬ್ಬಿಣ ಬಗ್ಗಿಸುತ್ತಾನೆ. ನಮ್ಮ ಕಡೆ ಗುಜರಿಯವನು ಹೊತ್ತೊಯ್ಯುವುದನ್ನೆಲ್ಲ ಅವನು ಗೋಡೆಗೆ ನೇತುಹಾಕುತ್ತಾನೆ.

"ಹೇಗಿದೆ ಅಕ್ಕಾ ಗೇಟು?" ಎಂದ.

"ದನ ನುಗ್ಗಿದ್ರೆ ಹೊಟ್ಟೆ ಹರಿಯುತ್ತೆ, ಅಷ್ಟು ಚೆನ್ನಾಗಿದೆ" ಎಂದೆ.

ಅವನು ನಕ್ಕ. ಅವನಿಗೆ ಏನು ಅಂದರೂ ನಗುತ್ತಾನೆ, ಅದೊಂದು ಹಿಂಸೆ.

ತಂಗಿ ಬಂದು ನನ್ನ ಚೀಲ ಇಸಕೊಂಡಳು. ಕಾಫಿಗೂ ಮುಂಚೆ ತೋಟ ತೋರಿಸಲು ಹೊರಟಳು. ಮಳೆನೀರು ಹಿಡಿಯುವ ಹೊಂಡ, ಅದರ ಏರಿಯ ಮೇಲೆ ಬಿಸಿಲಿಗೆ ಒಡ್ಡಿದ ಕರೆಂಟಿನ ಹಲಗೆಗಳು, ಸಾಲುಗಳ ನಡುವೆ ಕಳೆ ಮೇಯುತ್ತಿದ್ದ ಕುರಿಗಳು. ಹಣ್ಣು ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜ ಗೊಬ್ಬರದ ಗುಂಡಿಗೆ. ಬಾಟಲಿ ತೊಳೆದ ನೀರು ಬಾಳೆಗಿಡಕ್ಕೆ. ಒಡೆದ ಬಾಟಲಿಗಳು ಗೋಡೆಗೆ. ಮಣ್ಣಿನ ಗೋಡೆಯಲ್ಲಿ ಬಾಟಲಿಯ ತಳಗಳನ್ನು ಕೂರಿಸಿದ್ದರು, ಬಿಸಿಲು ಬಿದ್ದಾಗ ನೆಲದ ಮೇಲೆ ಹಸಿರು ಬೆಳಕಿನ ಬಿಲ್ಲೆಗಳು ಬೀಳುತ್ತಿದ್ದವು. ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಸಿಟ್ಟು ಬಂತು.

"ಇಲ್ಲಿ ಏನೂ ಹಾಳಾಗಲ್ಲ ಅಕ್ಕಾ. ಒಂದು ಹನಿ ಔಷಧಿ ಹೊಡೆಯಲ್ಲ."

"ಕುಡಿದು ಹಾಳಾಗೋರು ಮಾತ್ರ."

ಅವಳು ಮುಂದೆ ನಡೆದಳು. ಮೂಲೆಯಲ್ಲಿ ನೀರಿಲ್ಲದ ಕಕ್ಕಸು ತೋರಿಸಿದಳು. ಕೂತೆದ್ದ ಮೇಲೆ ನೀರು ಸುರಿಯುವ ಬದಲು ಹೊಟ್ಟು ಸುರಿಯಬೇಕಂತೆ, ಆಮೇಲೆ ಅದೂ ಗೊಬ್ಬರವಂತೆ. ಅದರ ಬಾಗಿಲಿಗೂ ನವಿಲಿನ ಚಿತ್ರ.

"ಬಯಲಿಗೆ ಹೋಗೋದು ಬಿಡಿ ಬಿಡಿ ಅಂತ ನಮ್ಮ ಸಂಘದಲ್ಲಿ ಬಾಯಿ ಬಡಿದುಕೊಂಡ್ವಿ. ನೀನು ಅದನ್ನೇ ನವಿಲು ಬರೆದು ಬೆಂಗಳೂರೋರಿಗೆ ತೋರಿಸ್ತಿದ್ದೀಯಾ."

"ನೀನು ಜಗಳ ಆಡೋಕೇ ಬಂದಿದ್ದೀಯಾ?"

"ಕರೆದೋಳು ನೀನು."

ಇಷ್ಟಕ್ಕೇ ನಿಂತಿದ್ದರೆ ಅದು ಅಕ್ಕತಂಗಿಯರ ಮಾಮೂಲು ಮಾತಾಗಿ ಉಳಿಯುತ್ತಿತ್ತು. ಆದರೆ ಅಲ್ಲಿಂದ ಮುಂದೆ ಅಪ್ಪನ ಹಳೆಯ ಚಪ್ಪರ ಬಂತು.

ತೋಟದ ಉಳಿದ ಕಡೆ ಹೊಸ ಬಳ್ಳಿಗಳಿವೆ, ತಂತಿಯ ಮೇಲೆ ಹಬ್ಬಿಸಿದ್ದಾರೆ. ಅಪ್ಪ ಹಾಕಿದ ಕಪ್ಪು ದ್ರಾಕ್ಷಿ ಮಾತ್ರ ಹಳೆಯ ಕಾಲದ ಕಲ್ಲುಕಂಬಗಳ ಚಪ್ಪರದ ಮೇಲೆಯೇ ಇದೆ. ಆ ಕಂಬಗಳನ್ನು ನೆಟ್ಟ ದಿನ ನನಗೆ ನೆನಪಿದೆ. ಅದೇ ಕಂಬಗಳ ಮೇಲೆ ತಂಗಿಯ ಗಂಡ ಮುಖಗಳನ್ನು ಕೆತ್ತಿದ್ದ. ಒಂದರ ಮೇಲೆ ಅಪ್ಪ, ತಲೆಗೆ ಟವೆಲು ಸುತ್ತಿದವನು. ಒಂದರ ಮೇಲೆ ಅಮ್ಮ. ಅಮ್ಮನ ಮೂಗುಬೊಟ್ಟನ್ನೂ ಬಿಡದೆ ಕೆತ್ತಿದ್ದ. ಅದನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ಆಮೇಲೆ ಮೂಲೆಯ ಕಂಬ ನೋಡಿದೆ. ಅದು ನಾನು. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಕಂಕುಳಲ್ಲಿ ಒಂದು ಬಿಂದಿಗೆ.

ಅಷ್ಟರಲ್ಲಿ ಬೆಂಗಳೂರಿನಿಂದ ವೈನ್ ರುಚಿ ನೋಡಲು ಬಂದಿದ್ದ ಒಂದು ಗುಂಪು ಅಲ್ಲಿಗೆ ಬಂತು. ಟೋಪಿ, ಕಪ್ಪು ಕನ್ನಡಕ. ಅವರಲ್ಲಿ ಒಬ್ಬಾಕೆ ನನ್ನ ಕಲ್ಲುಮುಖದ ಕೆನ್ನೆಗೆ ಕೆನ್ನೆ ಒತ್ತಿ ಫೋಟೊ ತೆಗೆಸಿಕೊಂಡಳು.

"ಇದ್ಯಾರು, ಇಷ್ಟು ಸಿಟ್ಟಾಗಿರೋದು?" ಎಂದು ಕೇಳಿದಳು.

ತಂಗಿ ನಕ್ಕಳು. "ಅದು ನಮ್ಮಕ್ಕ. ಬಾಳೆಹಣ್ಣನ್ನೂ ಸಿಪ್ಪೆ ಸಮೇತ ತೊಳೆದು ತಿನ್ನೋಳು" ಎಂದಳು.

ಎಲ್ಲರೂ ನಕ್ಕರು. ನಾನು ಅಲ್ಲೇ, ಕಂಬದಿಂದ ನಾಲ್ಕು ಮಾರು ದೂರದಲ್ಲಿ, ಅದೇ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ತಂಗಿ ನನ್ನ ಕಡೆ ತಿರುಗಿ, ತಮಾಷೆಗೆ ಅಂದೆ ಎಂಬಂತೆ ಕಣ್ಣು ಮಿಟುಕಿಸಿದಳು. ಆ ಮಿಟುಕು ನನಗೆ ಆ ನಗುವಿಗಿಂತ ಹೆಚ್ಚು ಚುಚ್ಚಿತು.

ಆಮೇಲೆ ಪೂಜೆ. ಬಳ್ಳಿಯ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ನನ್ನ ಕೈಗೆ ಕತ್ತರಿ ಕೊಟ್ಟರು. ನಾನು ಅಪ್ಪನ ಬಳ್ಳಿಯಿಂದ ಒಂದು ಬುಟ್ಟಿ ತುಂಬ ಕೊಯ್ದೆ. ಕೈಗೆ ಆ ಕೆಲಸ ಮರೆತಿರಲಿಲ್ಲ. ಗೊಂಚಲ ತೊಟ್ಟನ್ನು ಹಿಡಿದು, ಕಾಯಿಗೆ ಬೆರಳು ತಾಗದಂತೆ ಕತ್ತರಿಸಿ ಇಡುವುದು. ತಂಗಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಅಮ್ಮನ ನೆನಪು ಇರಬೇಕು. ನಾನು ಅದನ್ನು ಕಂಡೂ ಕಾಣದಂತೆ ಇದ್ದೆ.

ಆ ಬುಟ್ಟಿಯ ಹಣ್ಣು ಯಾವುದಕ್ಕೆ ಎಂಬುದನ್ನು ಅವಳು ಅಡುಗೆಮನೆಯ ಹಿಂದಿನ ಅಂಗಳದಲ್ಲಿ ನನಗೆ ಬಿಡಿಸಿ ಹೇಳಿದಳು. ಬೇರೆ ಕಡೆ ಪೊಟ್ಟಣದ ಪುಡಿ ತಂದು ರಸಕ್ಕೆ ಹಾಕಿ ಹುಳಿ ಬರಿಸುತ್ತಾರೆ. ಇಲ್ಲಿ ಹಾಗಲ್ಲ. ಮೊದಲ ಬುಟ್ಟಿಯನ್ನು ಕೈಯಲ್ಲಿ ಹಿಸುಕಿ ಮಡಕೆಯಲ್ಲಿ ಬಟ್ಟೆ ಕಟ್ಟಿ ಇಡುತ್ತಾರೆ. ಮೂರು ನಾಲ್ಕು ದಿನಕ್ಕೆ ಅದು ತಾನಾಗಿ ಗುಳುಗುಳು ಎಂದು ಉಕ್ಕುತ್ತದೆ. ಅದೇ ಹೆಪ್ಪು. ಹಾಲಿಗೆ ಮಜ್ಜಿಗೆ ಬಿಟ್ಟ ಹಾಗೆ, ಅದನ್ನು ದೊಡ್ಡ ತೊಟ್ಟಿಯ ರಸಕ್ಕೆ ಬಿಟ್ಟರೆ ಇಡೀ ವರ್ಷದ ವೈನು ಆ ಮಡಕೆಯಿಂದ ಹುಟ್ಟುತ್ತದೆ.

"ಅಕ್ಕಾ, ಇದನ್ನ ಮಾತ್ರ ತೊಳೀಬೇಡ. ಹಣ್ಣಿನ ಮೇಲೆ ಬೆಳ್ಳಗೆ ಪುಡಿ ಇದೆ ನೋಡು, ಹೆಪ್ಪು ಇರೋದೇ ಅದರಲ್ಲಿ. ನೀರು ಬಿದ್ರೆ ಹೋಯ್ತು. ನಾನು ಇವರನ್ನ ಕಳಿಸಿ ಬರ್ತೀನಿ" ಎಂದು ಬೆಂಗಳೂರಿನವರ ಕಡೆ ಹೋದಳು.

ನನಗೆ ಅರ್ಥವಾಗಿತ್ತು. ಇದನ್ನು ಇಲ್ಲೇ ಬರೆದುಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹೆಪ್ಪು ಹಾಕಿ ಹಾಕಿ ಕೈ ಸವೆದ ಹೆಂಗಸಿಗೆ ಹೆಪ್ಪು ಎಂದರೆ ಅರ್ಥವಾಗಲು ಶಾಲೆ ಬೇಡ.

ಅಂಗಳದಲ್ಲಿ ಒಬ್ಬಳೇ ಕೂತೆ. ಒಳಗಿಂದ ಗ್ಲಾಸು ತಾಗಿಸುವ ಸದ್ದು, ನಗು. ಬುಟ್ಟಿಯ ಹಣ್ಣಿನ ಮೇಲೆ ಧೂಳು, ಒಂದು ಜೇಡರ ಎಳೆ, ಎರಡು ಇರುವೆ. ಬಾಳೆಹಣ್ಣನ್ನೂ ತೊಳೆಯುವವಳು. ಪಕ್ಕದ ಬಚ್ಚಲೊಲೆಯ ಮೇಲೆ ಹಂಡೆ ಕಾಯುತ್ತಿತ್ತು. ಎದ್ದೆ. ಅಡುಗೆಮನೆಯಿಂದ ಉಪ್ಪು, ಅರಿಶಿನ ತಂದೆ. ದೊಡ್ಡ ಬೋಗುಣಿಗೆ ಬಿಸಿನೀರು ತೋಡಿ, ಕೈ ತಡೆಯುವಷ್ಟು ಬಿಸಿ ಇಟ್ಟುಕೊಂಡು, ಗೊಂಚಲುಗಳನ್ನು ಮುಳುಗಿಸಿದೆ. ಬೆಳ್ಳನೆ ಪುಡಿ ಕರಗಿ ಹಣ್ಣು ಕಪ್ಪಗೆ ಮಿನುಗಿತು. ನೀರು ಚೆಲ್ಲಿ ಮತ್ತೆ ತೊಳೆದೆ. ಹೇಳಿಕೊಳ್ಳಲು ನಾಚಿಕೆ, ಆದರೆ ಬಹಳ ದಿನಗಳ ಮೇಲೆ ನನಗೆ ಹಾಯ್ ಅನ್ನಿಸಿತು. ಆಮೇಲೆ ಸೆರಗಿನಲ್ಲಿ ಒಂದೊಂದೇ ಗೊಂಚಲನ್ನು ಒತ್ತಿ ಒರೆಸಿ, ಗಾಳಿಗೆ ಹರಡಿ, ಒಣಗಿದ ಮೇಲೆ ಬುಟ್ಟಿಗೆ ಮೊದಲಿದ್ದ ಹಾಗೇ ಜೋಡಿಸಿಟ್ಟೆ. ಬೋಗುಣಿಯನ್ನು ಬಾಳೆಬುಡಕ್ಕೆ ಬಗ್ಗಿಸಿದೆ. ಅಲ್ಲಿ ನೀರು ಹಾಳಾಗಬಾರದಲ್ಲ.

ತಂಗಿ ಬಂದವಳು ಆತುರದಲ್ಲಿದ್ದಳು. ಹೊತ್ತು ಇಳಿಯುತ್ತಿತ್ತು, ಅಂಗಳದಲ್ಲಿ ನೆರಳು. ಹಣ್ಣನ್ನು ಗಮನಿಸದೆ ಗಂಡನ ಜೊತೆ ಕೂತು ಮಡಕೆಗೆ ಹಿಸುಕಿದಳು. ನಾನು ಕೊನೆಯ ಬಸ್ಸಿಗೆ ಮುಳಬಾಗಿಲಿಗೆ ವಾಪಸಾದೆ.

ದಿನಾ ಫೋನ್ ಬರುತ್ತಿತ್ತು. "ಹೆಪ್ಪು ಇನ್ನೂ ಏಳಲಿಲ್ಲ ಅಕ್ಕಾ." "ಅಮ್ಮ ಇದ್ದಾಗ ಇಷ್ಟು ತಡ ಆಗ್ತಿರಲಿಲ್ಲ." "ಮೇಲೆ ಏನೋ ಬೂಷ್ಟು ಕಟ್ಟಿದೆ, ವಾಸನೆ ಬರ್ತಿದೆ." ನಾನು ಹೂಂ ಅನ್ನುತ್ತಿದ್ದೆ. ಒಳಗೊಳಗೇ ಖುಷಿಯಾಗುತ್ತಿತ್ತು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಓದಿದವಳು, ಏನೂ ಹಾಳಾಗದ ತೋಟದವಳು, ಈಗ ನೋಡೋಣ ಎಂದುಕೊಂಡೆ.

ಬೇರೆ ಹಣ್ಣಿನಿಂದ ಇನ್ನೊಂದು ಮಡಕೆ ಇಡಬಹುದಿತ್ತು. ಆದರೆ ಅವರಿಗೆ ಅನುಮಾನ ಬಂದದ್ದು ಬೇರೆ ಕಡೆ. ಪಕ್ಕದ ಹೊಲದಲ್ಲಿ ಒಬ್ಬ ಮುದುಕ ಟೊಮೇಟೊ ಬೆಳೆಯುತ್ತಿದ್ದ. ಗಾಳಿ ಈ ಕಡೆ ಬೀಸುವಾಗ ಔಷಧಿ ಹೊಡೆಯಬೇಡ ಎಂದು ತಂಗಿ ಅವನನ್ನು ಮೊದಲಿಂದಲೂ ಬೇಡಿಕೊಂಡಿದ್ದಳು. ಅವನು ಒಪ್ಪಿಯೂ ಇದ್ದ. ಈಗ ಅವನು ಮಾತು ತಪ್ಪಿದ್ದಾನೆ, ಅವನ ಔಷಧಿ ಹಾರಿ ತೋಟದ ಹಣ್ಣನ್ನೆಲ್ಲ ಕೆಡಿಸಿದೆ ಎಂದು ಗಂಡಹೆಂಡಿರು ನಂಬಿದರು. ಯಾವಾಗಲೂ ನಗುತ್ತಿದ್ದ ತಂಗಿಯ ಗಂಡ ಬದುವಿನ ಮೇಲೆ ನಿಂತು ಆ ಮುದುಕನನ್ನು ಕಳ್ಳ ಎಂದು ಕೂಗಿದ. ಮುದುಕ ಮರುದಿನ ತನ್ನ ಬದುವಿನ ಮೇಲಿದ್ದ ಗಾಡಿದಾರಿಗೆ ಜಾಲಿಮುಳ್ಳು ಎಳೆದು ಮುಚ್ಚಿದ. ಕೆಳಗಿನ ತೋಟದ ಹಣ್ಣನ್ನೆಲ್ಲ ಆ ಬಿಸಿಲಲ್ಲಿ ತಲೆಯ ಮೇಲೆ ಹೊತ್ತು ಸುತ್ತುದಾರಿಯಲ್ಲಿ ತರಬೇಕಾಯಿತು. ಅರ್ಧ ಹಣ್ಣು ಬಳ್ಳಿಯಲ್ಲೇ ಬಾಡಿತು. ಉಳಿದದ್ದಕ್ಕೆ ಪೊಟ್ಟಣದ ಪುಡಿ ತಂದು ಹಾಕಿದರು. ಪ್ರತಿವರ್ಷ ಬಾಟಲಿಯ ಮೇಲೆ ಅಂಟಿಸಲು ತಂಗಿಯ ಗಂಡ ಒಂದು ಹೊಸ ಚಿತ್ರ ಬರೆಯುತ್ತಿದ್ದ. ಆ ವರ್ಷ ಬರೆಯಲಿಲ್ಲ. ವೈನನ್ನು ಹಾಗೇ ಪೀಪಾಯಿಯಲ್ಲಿ ಬೇರೆಯವರಿಗೆ ಕೊಟ್ಟುಬಿಟ್ಟರು.

ಖುಷಿ ಅಲ್ಲಿಗೇ ಮುಗಿದಿತ್ತು. ಆದರೆ ಬಾಯಿ ತೆರೆಯಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದು ಕೂಡ ಅಂದುಕೊಳ್ಳಲಿಲ್ಲ. ಹೇಳುವುದೇ ಬೇಡ ಎಂದೇ ಇದ್ದೆ.

ಜಗಳ ಊರಿನ ಹಿರಿಯರ ತನಕ ಹೋಯಿತು. ನಾನು ಹೊಡೆದಿಲ್ಲ ಎಂದು ಮುದುಕ, ಹೊಡೆದಿದ್ದೀಯ ಎಂದು ಇವರು. ಕೊನೆಗೆ ಹಿರಿಯರು, ಕುರುಡುಮಲೆ ಗಣಪತಿಯ ಮುಂದೆ ಕರ್ಪೂರ ಆರಿಸಲಿ, ಅಲ್ಲಿಗೆ ಮುಗಿಯಿತು ಎಂದರು. ನಮ್ಮ ಕಡೆ ಅದೇ ಕೊನೆಯ ಮಾತು. ಉರಿಯುವ ಕರ್ಪೂರವನ್ನು ಬರಿಗೈಯಲ್ಲಿ ಆರಿಸಿ ಆಣೆ ಮಾಡಿದ ಮೇಲೆ ಯಾರೂ ಎದುರು ಮಾತಾಡುವ ಹಾಗಿಲ್ಲ. ಆದರೆ ಸತ್ಯವಂತರೂ ಅದಕ್ಕೆ ಹೆದರುತ್ತಾರೆ. ನಿಜದ ಆಣೆಯೂ ಮನೆಗೆ ಒಳ್ಳೆಯದಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ತಂಗಿಯ ಕಡೆಯ ಹಿರಿಯಳೆಂದು ನಾನೂ ಹೋಗಬೇಕಾಯಿತು.

ಆ ಎತ್ತರದ ಗಣಪತಿಯ ಮುಂದೆ ನಾವು ಎಲ್ಲರೂ ಚಿಕ್ಕವರಾಗಿ ಕಾಣುತ್ತೇವೆ. ಮುದುಕ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದ. ಅವನ ಹೆಂಡತಿ ಕಂಬಕ್ಕೆ ಒರಗಿ, ತೆಲುಗಿನಲ್ಲಿ, "ವದ್ದಯ್ಯಾ, ಮನಕೆಂದುಕು" ಎಂದು ಬೇಡುತ್ತಿದ್ದಳು. ಬೇಡ ಕಣಯ್ಯಾ, ನಮಗ್ಯಾಕೆ ಎಂದು. ಮುದುಕ ಕೇಳಲಿಲ್ಲ. ತಟ್ಟೆಯಲ್ಲಿ ಕರ್ಪೂರ ಹತ್ತಿಸಿದರು.

ಆಗ ಹೇಳಬಹುದಿತ್ತು. ತಟ್ಟೆ ನನಗೂ ಅವನಿಗೂ ನಡುವೆ ಇತ್ತು. ಒಂದು ಮಾತು ಸಾಕಿತ್ತು. ನಾನು ಗಣಪತಿಯ ಹೊಟ್ಟೆ ನೋಡುತ್ತ ನಿಂತೆ.

ಮುದುಕ, "ಹೊಡೆದಿದ್ರೆ ನನ್ನ ವಂಶ ಉದ್ಧಾರ ಆಗದೆ ಹೋಗ್ಲಿ" ಎಂದು ಅಂಗೈಯನ್ನು ಉರಿಯ ಮೇಲೆ ಒತ್ತಿದ. ಹೆಂಡತಿ ಮುಖ ಮುಚ್ಚಿಕೊಂಡಳು.

ತಂಗಿ ಅವನಿಗೆ ಕೈಮುಗಿದು, "ತಪ್ಪಾಯ್ತು ತಾತಾ" ಎಂದಳು. ಅವನು ಇವಳ ಮುಖ ನೋಡದೆ ಹೊರಗೆ ನಡೆದ. ನಾವು ಮೂವರೂ ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತೆವು. ತಂಗಿ ಗಂಡನಿಗೆ ಹೇಳಿದಳು:

"ಹಾಗಾದ್ರೆ ಬಳ್ಳಿಗೇ ಏನೋ ಬಂದಿದೆ. ಅಪ್ಪನ ಚಪ್ಪರ ಕಿತ್ತುಬಿಡೋಣ. ಅದರ ಕಾಯಿಲೆ ಹೊಸ ಬಳ್ಳಿಗೂ ಹತ್ತೋ ಮುಂಚೆ ನಾಳೇನೇ ಜೆಸಿಬಿ ಕರೆಸು."

"ಕಂಬ?"

"ಕಂಬ ಇಟ್ಕೊಂಡು ಏನು ಮಾಡೋದು? ಅವೂ ಹೋಗ್ಲಿ."

ಅಪ್ಪನ ಟವೆಲು, ಅಮ್ಮನ ಮೂಗುಬೊಟ್ಟು, ಜೆಸಿಬಿಯ ಹಲ್ಲು. ನನ್ನ ಬಾಯಿಂದ ಮಾತು ತಾನಾಗಿ ಬಂತು.

"ಬಳ್ಳಿಗೆ ಏನೂ ಬಂದಿಲ್ಲ. ಹಣ್ಣು ತೊಳೆದಿದ್ದೆ ನಾನು."

ತಂಗಿಗೆ ಅರ್ಥವಾಗಲಿಲ್ಲ. "ಯಾವ ಹಣ್ಣು?"

"ಮಡಕೆಗೆ ಹಾಕಿದ್ದು. ನೀನು ಅವರನ್ನ ಕಳಿಸೋಕೆ ಹೋದಾಗ."

ಅವಳ ಗಂಡ ತಕ್ಷಣ ನಮ್ಮಿಬ್ಬರ ನಡುವೆ ಕೈ ಚಾಚಿದ. ಒಳ್ಳೆಯವನು, ಪಾಪ. "ಬಿಡು, ಬಿಡು. ಅಕ್ಕನಿಗೆ ಏನು ಗೊತ್ತು? ಓದಿದೋರಲ್ಲ, ಇದೆಲ್ಲ ಅವರಿಗೆ ಹೊಸದು. ಗೊತ್ತಿಲ್ದೆ ಮಾಡಿದ್ದಾರೆ" ಎಂದ.

ಬಾಗಿಲು ತೆರೆದುಕೊಟ್ಟಿದ್ದ. ಹೂಂ ಎಂದಿದ್ದರೆ ಸಾಕಿತ್ತು. ತಂಗಿಯ ಮುಖವೂ ಹೂಂ ಅನ್ನು ಎಂದು ಕಾಯುತ್ತಿತ್ತು. ನನ್ನ ಜೀವನದಲ್ಲಿ ಎಷ್ಟೋ ಸಲ ನಾನು ಆ ಬಾಗಿಲಿನಿಂದ ನುಸುಳಿದ್ದೇನೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮಕ್ಕಳ ಶಾಲೆಯಲ್ಲಿ, ನಾನು ಓದಿಲ್ಲಪ್ಪಾ ಎಂದು. ಆದರೆ ಅವನ ಬಾಯಿಂದ ಅದನ್ನು ಕೇಳಿದಾಗ ಮೈ ಉರಿಯಿತು. ಸತ್ಯ ಹೇಳಿದ್ದು ಸತ್ಯದ ಮೇಲಿನ ಆಸೆಗಲ್ಲ. ದಡ್ಡಿ ಅನ್ನಿಸಿಕೊಳ್ಳಲಾರದೆ.

"ಗೊತ್ತಿತ್ತು" ಎಂದೆ. "ಅವಳು ಹೇಳಿದ್ಲು. ಹೆಪ್ಪು ಅದರಲ್ಲೇ ಇರೋದು ಅಂತ. ಗೊತ್ತಿದ್ದೇ ತೊಳೆದೆ."

ತಂಗಿ ಕೂಗಾಡಲಿಲ್ಲ. ಅಡುಗೆ ವಿಚಾರಿಸುವ ಹಾಗೆ ಒಂದೊಂದೇ ಕೇಳಿದಳು.

"ಬಿಸಿನೀರಾ?"

"ಹೂಂ."

"ಉಪ್ಪು ಹಾಕಿದ್ಯಾ?"

"ಉಪ್ಪು, ಅರಿಶಿನ."

"ಒದ್ದೆ ಇರಲಿಲ್ಲವಲ್ಲೇ. ನಾನು ಮುಟ್ಟಿದೆ."

"ಸೆರಗಲ್ಲಿ ಒರೆಸಿದೆ."

"ಒರೆಸಿ, ಮೊದಲಿನ ಹಾಗೇ ಜೋಡಿಸಿಟ್ಯಾ?"

"ಹೂಂ."

ಅವಳು ಎದ್ದು ನಿಂತಳು. "ನಂಗೆ ಆಮೇಲೆ ಹೇಳ್ಕೋ. ಮೊದ್ಲು ಹೋಗಿ ಆ ತಾತಂಗೆ ಹೇಳು" ಎಂದಳು. ಅಕ್ಕಾ ಎನ್ನಲಿಲ್ಲ.

ಮುದುಕ ಗುಡಿಯ ಎದುರಿನ ಅಂಗಡಿಯಲ್ಲಿ ಹೆಂಡತಿಗೆ ಟೀ ಕೊಡಿಸುತ್ತಿದ್ದ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವನು ಲೋಟ ಕೆಳಗಿಟ್ಟು ಅಂಗೈ ನನ್ನ ಮುಖದ ಹತ್ತಿರ ತಂದ. ನಡುವೆ ಕರ್ಪೂರದ ಮಸಿ, ಅದರ ಸುತ್ತ ಕೆಂಪು.

"ಏಮಮ್ಮಾ, ಇದನ್ನೂ ತೊಳೀತೀಯಾ? ತೊಳೆಯೋದ್ರಲ್ಲಿ ನಿನ್ನ ಮೀರಿಸೋರಿಲ್ವಂತಲ್ಲ."

ನಾನು ತಲೆ ತಗ್ಗಿಸಿದೆ.

"ಅಲ್ಲಿ ನಿಂತಿದ್ಯಲ್ಲ, ನನ್ನ ಎದುರಿಗೇ! ನನ್ನ ಹೆಂಡ್ತಿ ಅಳ್ತಿದ್ದಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು."

"ಕೇಳಿಸ್ತಂತೆ!" ಎಂದು ಅವನು ಹೆಂಡತಿಯ ಕಡೆ ತಿರುಗಿದ. ಅವಳು ನನ್ನನ್ನು ನೋಡಲಿಲ್ಲ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ, "ನಮ್ಮ ಮನೇಲಿ ಯಾರಿಗಾದ್ರೂ ಏನಾದ್ರೂ ಆದ್ರೆ, ನಿನ್ನ ಬಾಗಿಲಿಗೆ ಬರ್ತೀನಿ" ಎಂದಳು.

ಅವರ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಆಗದಿರಲಿ. ಆದರೆ ಅವಳ ಆ ಮಾತು ನನ್ನ ಹತ್ತಿರವೇ ಇದೆ. ಬಾಗಿಲು ಯಾರು ತಟ್ಟಿದರೂ ಮೊದಲು ಅವಳದೇ ನೆನಪು. ಮುದುಕ ಮುಳ್ಳು ತೆಗೆದು ದಾರಿ ಬಿಟ್ಟ. ನಿಮ್ಮಕ್ಕನ ಮುಖ ನೋಡಿ ಅಲ್ಲ ಎಂದು ತಂಗಿಗೆ ಹೇಳಿ ಕಳಿಸಿದನಂತೆ. ಚಪ್ಪರ ಕೀಳಲಿಲ್ಲ. ತಂಗಿ ಫೋನ್ ಮಾಡಲಿಲ್ಲ. ಅಮ್ಮನ ತಿಥಿಗೆ ಕರೆಯಲಿಲ್ಲ. ನಾನು ಮನೆಯಲ್ಲೇ ಎಡೆ ಇಟ್ಟೆ. ಸಂಘದ ಹೆಂಗಸರು ಬಾಟಲಿಯ ತಮಾಷೆ ಮಾಡಿದಾಗ ನಾನು ನಗುವುದನ್ನು ಬಿಟ್ಟೆ, ಅವರೂ ಬಿಟ್ಟರು.

ಈ ವರ್ಷ ಕೊಯ್ಲಿನ ಹೊತ್ತಿಗೆ ಫೋನ್ ಬಂತು.

"ನಾಳೆ ಬೆಳಿಗ್ಗೆ ಬಾ. ಒಂದು ಬುಟ್ಟಿ ಕೊಯ್ದು ಕೊಡು. ಅಂಗಳದೊಳಗೆ ಬರಬೇಡ."

"ಬೇರೆ ಯಾರನ್ನಾದ್ರೂ ಕರೀಬಹುದಿತ್ತಲ್ಲ" ಎಂದೆ. ನಾಲಿಗೆಗೆ ಬುದ್ಧಿ ಬಂದಿಲ್ಲ.

"ಅಮ್ಮ ಬೇರೆ ಯಾರನ್ನೂ ಹೆತ್ತಿಲ್ಲ" ಎಂದು ಫೋನ್ ಇಟ್ಟಳು.

ಮೊದಲ ಬಸ್ಸಿಗೆ ಹೋದೆ. ಬೆಂಗಳೂರಿನವರು ಯಾರೂ ಇರಲಿಲ್ಲ. ಮೂಲೆಯ ಕಂಬದ ಮೇಲೆ ನನ್ನ ಮುಖ ಹಾಗೇ ಇತ್ತು, ಹುಬ್ಬಿನ ಗಂಟಿನಲ್ಲಿ ಸ್ವಲ್ಪ ಪಾಚಿ. ಬದುವಿನ ಆಚೆ ಮುದುಕ ಟೊಮೇಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದ. ನನ್ನನ್ನು ಕಂಡು ಕತ್ತು ತಿರುಗಿಸಿದ. ಹಿಂದಿನ ರಾತ್ರಿಯ ಮಂಜು ಎಲೆಗಳ ಮೇಲೆ ಇನ್ನೂ ಇತ್ತು. ಕೊಯ್ಯಲು ಬಂದವಳು ಕೊಯ್ಯದೆ ಕೂತೆ. ಬಿಸಿಲೇರಿ ಗೊಂಚಲುಗಳು ಪೂರಾ ಒಣಗುವವರೆಗೆ ಬಳ್ಳಿಯ ಬುಡದಲ್ಲಿ ಕಾದೆ. ಯಾರೂ ಕಾಫಿ ತರಲಿಲ್ಲ. ಆಮೇಲೆ ಕೊಯ್ದು, ಬುಟ್ಟಿ ಹೊತ್ತುಕೊಂಡು, ಅಂಗಳದ ಬಾಗಿಲ ಹೊಸ್ತಿಲ ಹೊರಗೆ ಇಟ್ಟು ಹಿಂದೆ ಸರಿದು ನಿಂತೆ.

ತಂಗಿ ಒಳಗಿನಿಂದ ಬಂದಳು. ನನ್ನ ಮುಖ ನೋಡಲಿಲ್ಲ. ಬಗ್ಗಿ ಒಂದು ಗೊಂಚಲು ಎತ್ತಿ, ಬೆಳಕಿಗೆ ಹಿಡಿದು ಬೆಳ್ಳನೆಯ ಪುಡಿ ನೋಡಿದಳು. ಕಾಯಿಗಳ ಸಂದಿಗೆ ಬೆರಳು ತೂರಿಸಿ ತೇವ ಇದೆಯೇ ಎಂದು ಮುಟ್ಟಿದಳು. ಮೂಗಿಗೆ ಹಿಡಿದು, ಅರಿಶಿನದ ವಾಸನೆಗೆ ಇರಬೇಕು, ಮೂಸಿದಳು. ಅದನ್ನು ಇಟ್ಟು ಇನ್ನೊಂದನ್ನು ಎತ್ತಿದಳು. ಬುಟ್ಟಿಯ ತಳದವರೆಗೂ ಹಾಗೇ ನೋಡಿದಳು. ನಾನು ಬಿಸಿಲಲ್ಲಿ ನಿಂತೇ ಇದ್ದೆ.

ಕೊನೆಯ ಗೊಂಚಲು ಇಟ್ಟು, ಒಳಗಿದ್ದ ಗಂಡನಿಗೆ ಕೂಗಿ ಹೇಳಿದಳು:

"ಮಡಕೆ ತಗೊಂಡ್ ಬಾ. ಹಣ್ಣು ಸರಿಯಾಗಿದೆ."